ನಿನ್ನೆಯ ರೊಟ್ಟಿ

ಪುಣೆಯ ಕನ್ನಡ ಮಂದಿ ಹಬ್ಬ-ಹುಣ್ಣಿಮೆ ಏನೂ ಇಲ್ಲದ ದಿನ ಮನೆಯಲ್ಲಿ ಏನು ಉಣ್ಣುತ್ತಾರೆ? ಇಷ್ಟು ತಿಳಿದುಕೊಳ್ಳಲು ಫಿನ್ಲೆಂಡಿನಿಂದ ಐನೋ ಎಂಬ ಹುಡುಗಿ ಬಂದಿದ್ದಳು. ಧಾರವಾಡದಲ್ಲಿ ಕನ್ನಡ ಕಲಿತು, ಪುಣೆಯ ಕ್ಯಾಂಪ್ ಎಂಬ ಪೇಟೆಯ ಹಿಂದಿನ ಗಲ್ಲಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಮನೆ ಮನೆ ತಿರುಗಿದಳು. ಪಾಪ, ಎಲ್ಲಿ ಹೋದರೂ ಸಿಕ್ಕಿದ್ದು ಸಿಹಿ ಊಟ. ಅಷ್ಟು ದೂರದಿಂದ ಬಂದವಳಿಗೆ ಸಾದಾ ಊಟ ಹಾಕಿ ಕೈತೊಳೆಸುವ ಮನೆ ನಮ್ಮವರಲ್ಲಿ ಎಲ್ಲಿದೆ ಹೇಳಿ! ಹುಡುಗಿಯ ಗಲ್ಲ ಉಬ್ಬಿತು, ಜೀನ್ಸಿನ ಗುಂಡಿ ಹತ್ತದಂತಾಯಿತು. ಸಂಶೋಧನೆ ಮಾತ್ರ ಇದ್ದಲ್ಲೇ ಇತ್ತು.

ಅವಳೇನು ಕಡಿಮೆ ಉಪಾಯ ಹೂಡಿದಳೇ? ಕರಾವಳಿಯಿಂದ ಬಂದು ಹೋಟೆಲು ನಡೆಸುವ ಲೀಲಾಕ್ಷಿಯವರ ಮನೆಯಲ್ಲಿ "ಇವತ್ತು ನನಗೆ ಉಪವಾಸ" ಎಂದು ಹೇಳಿ ನೋಡಿದಳು. ಪುಣೆಯಲ್ಲಿ ಉಪವಾಸವೆಂದರೆ ಏನೆಂದು ಆ ಬಡಪಾಯಿಗೆ ಗೊತ್ತಿರಲಿಲ್ಲ. ಸಾಬುದಾಣೆ ಖಿಚಡಿ, ಸಾಬುದಾಣೆ ವಡೆ, ಹಣ್ಣು, ಮೇಲೊಂದು ಲೋಟ ಕೆನೆಹಾಲು ಬಂದವು. "ಇಷ್ಟು ಸಣ್ಣ ಪ್ರಾಯದಲ್ಲಿ ವ್ರತ ಮಾಡ್ತೀಯಲ್ಲ ಮಗಾ!" ಎಂದು ಲೀಲಾಕ್ಷಿ ಕಣ್ಣೊರೆಸಿಕೊಂಡರು ಬೇರೆ.

ಕೋಣೆ ಬಾಡಿಗೆಗೆ ಕೊಟ್ಟ ನಾಗವ್ವನಂತೂ ಇನ್ನೂ ಗಟ್ಟಿ. ವಿಜಯಪುರದ ಕಡೆಯವಳು, ಗಂಡ ಮುರುಗೆಪ್ಪನಿಗೆ ಕ್ಯಾಂಪಿನಲ್ಲಿ ಬಟ್ಟೆ ಅಂಗಡಿ. ಐನೋ ಮಹಡಿಯಿಂದಿಳಿದು ಬಾಗಿಲಲ್ಲಿ ನಿಂತರೆ ಸಾಕು, ನಾಗವ್ವ ಅಡುಗೆಮನೆಯ ಪರದೆ ಸರ್ರನೆ ಎಳೆದು, "ಬರ್ರಿ ಮೇಡಮ್, ಕೂಡ್ರಿ" ಎಂದು ಸೋಫಾ ತೋರಿಸಿ, ಗಂಡನನ್ನು ಜಿಲೇಬಿಗೆ ಓಡಿಸುತ್ತಿದ್ದಳು. ಆ ಪರದೆಯನ್ನು ಐನೋ ಒಮ್ಮೆಯೂ ದಾಟಿರಲಿಲ್ಲ.

ಅಷ್ಟರಲ್ಲಿ ಅವಳ ಪ್ರೊಫೆಸರರಿಂದ ಇ-ಮೇಲ್ ಬಂತು. ಮುಂಬೈಗೆ ಬಂದಿದ್ದೇನೆ, ಗುರುವಾರ ಪುಣೆಗೆ ಬರುತ್ತೇನೆ, ನಿನ್ನ ಫೋಟೋಗಳಲ್ಲೆಲ್ಲ ಬರೀ ಹಬ್ಬದಡುಗೆ, ಒಂದೇ ಒಂದು ಸಾದಾ ಊಟ ಕಣ್ಣಾರೆ ತೋರಿಸು, ಇಲ್ಲದಿದ್ದರೆ ಗಂಟುಮೂಟೆ ಕಟ್ಟು. ಪುಣೆ ಬಿಟ್ಟು ಹೋಗುವುದನ್ನು ನೆನೆದರೆ ಐನೋಳಿಗೆ ಅಳುವೇ ಬರುತ್ತಿತ್ತು. ಕೆಳಗಿಳಿದು ನಾಗವ್ವನ ಮುಂದೆ ಕೈಮುಗಿದಳು.

"ಅಮ್ಮಾ, ದಯವಿಟ್ಟು ವಿಶೇಷವಾಗಿ ಏನನ್ನೂ ತಯಾರಿಸಬೇಡಿ. ಮನೆಯಲ್ಲಿ ಉಳಿದದ್ದನ್ನೇ ಅವರಿಗೆ ಬಡಿಸಿರಿ."

"ಅಯ್ಯ ಶಿವನ! ಗುರುಗಳ ತಾಟಿನ್ಯಾಗ ತಂಗಳ ಹಾಕಂತೀರೇನ್ರಿ? ನಮ್ಮ ಮಾನ ಎಲ್ಲಿ ಉಳೀತದ?"

"ಇಲ್ಲವಾದರೆ ಅವರು ನನ್ನನ್ನು ಊರಿಗೆ ಕಳುಹಿಸುತ್ತಾರೆ."

"ಹೆಂಗ ಕಳಸ್ತಾರ ನೋಡೋಣು! ಹೊಟ್ಟಿತುಂಬ ಹೋಳಿಗಿ ಉಂಡಮ್ಯಾಲ ಯಾರರ ಸಿಟ್ಟ ಮಾಡತಾರೇನ್ರಿ? ನಾ ಅದೀನಿ, ಚಿಂತಿ ಬಿಡ್ರಿ."

ಮುಗಿಯಿತು ನನ್ನ ಕತೆ ಎಂದುಕೊಂಡಳು ಐನೋ.

ಗುರುವಾರ ಧೋ ಎಂದು ಮಳೆ. ಪ್ರೊಫೆಸರರು ದಾರಿಯ ಲೋಣಾವಳಾದಲ್ಲಿ ಕೊಂಡ ಶೇಂಗಾ ಚಿಕ್ಕಿಯನ್ನು ಹಲ್ಲಿಗೆ ಅಂಟಿಸಿಕೊಂಡು, ತೊಯ್ದು ತೊಪ್ಪೆಯಾಗಿ ಬಂದರು. ಮುರುಗೆಪ್ಪ ಒಣ ಟವೆಲ್ಲು ಕೊಟ್ಟು ಕೂಡಿಸಿದ. ಒಳಗೆ ನಾಗವ್ವ ಒಬ್ಬಳೇ. ಒಂದು ಕಡೆ ಕಟ್ಟಿನ ಸಾರು ಉಕ್ಕುತ್ತಿದೆ, ಇನ್ನೊಂದು ಕಡೆ ಹಂಚಿನ ಮೇಲೆ ಹೋಳಿಗೆ. ಕೈ ಸಾಲದೆ ಪರದೆಯ ಹಿಂದಿನಿಂದಲೇ ಕೂಗಿದಳು.

"ಏ ಐನವ್ವಾ! ಗೊಂಬಿಗತೆ ಅಲ್ಲೇನ ಕುಂತೀ? ಬಾ ಒಳಗ, ಹೋಳಿಗಿ ಹೊತ್ತಾಕತ್ತಾವ, ಮಗಚಿ ಹಾಕ!"

ಈ ಐನವ್ವ ಯಾರಪ್ಪಾ ಎಂದು ಐನೋ ಅತ್ತಿತ್ತ ನೋಡಿದಳು. ತಾನೇ ಎಂದು ಹೊಳೆದದ್ದೇ ತಡ, ಒಳಗೆ ಓಡಿದಳು. ಮೊದಲ ಹೋಳಿಗೆಯನ್ನೇ ಹರಿದು ಹಾಕಿದಳು. "ಕೈಯಾಗ ಜೀವ ಇಲ್ಲೇನ ನಿಂದು?" ಎಂದು ನಾಗವ್ವ ಗದರಿದಳು. ಪುಣೆಗೆ ಬಂದ ಮೇಲೆ ಅವಳನ್ನು ಯಾರಾದರೂ ಗದರಿದ್ದು ಇದೇ ಮೊದಲು. ಐನೋಳಿಗೆ ಯಾಕೋ ಖುಷಿಯಾಯಿತು.

ಹೊರಗೆ ಪ್ರೊಫೆಸರರದು ಬೇರೆಯೇ ಪಾಡು. ಸಾಕೆಂದರೆ ತಾಟಿಗೆ ಕೈ ಅಡ್ಡ ಹಿಡಿಯಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮುರುಗೆಪ್ಪ ಹಾಕುತ್ತಲೇ ಹೋದ, ಅವರು ತಿನ್ನುತ್ತಲೇ ಹೋದರು. ತುಪ್ಪ ಬಡಿಸಲು ಬಂದ ಐನೋಳಿಗೆ ತಮ್ಮ ಭಾಷೆಯಲ್ಲಿ, "ಭಾಳ ರುಚಿ. ಆದರೆ ಮತ್ತೆ ಅದೇ ಹಬ್ಬ. ನನ್ನ ಜೊತೆಗೇ ಹೊರಡು" ಎಂದರು. ಅವಳು ತಲೆ ತಗ್ಗಿಸಿ ಒಳಗೆ ಬಂದಳು.

ಹೋಳಿಗೆಯ ಡಬ್ಬಿ ತಳ ಕಂಡಿತ್ತು. ಉಳಿದೆರಡನ್ನು ಗುರುಗಳಿಗೆಂದು ತೆಗೆದಿಟ್ಟು, ನಾಗವ್ವ ಉಸ್ಸೆಂದು ನೆಲಕ್ಕೆ ಕುಳಿತಳು. ಮೂಲೆಯ ಬುಟ್ಟಿ ಎಳೆದು, ನಿನ್ನೆಯ ಜೋಳದ ರೊಟ್ಟಿ ತೆಗೆದಳು. ರಾತ್ರಿ ಉಳಿದ ಪುಂಡಿಪಲ್ಯ, ಒಂದು ಚಮಚ ಕೆಂಪು ಖಾರ, ಮೇಲೆ ಹಸಿ ಎಣ್ಣೆ. ಅರ್ಧ ರೊಟ್ಟಿ ಮುರಿದು ಐನೋಳ ಕೈಗೆ ಕೊಟ್ಟಳು.

"ಏನ ಬಾಯಿ ತಕ್ಕೊಂಡ ನೋಡತಿ? ತಿನ್ನ. ಹೋಳಿಗಿ ಅವರಿಗೆ ಬೇಕಲ್ಲ."

ಐನೋ ತಿಂದಳು. ಖಾರ ನೆತ್ತಿಗೇರಿ ಮೂಗು-ಕಣ್ಣು ಸುರಿಯತೊಡಗಿದವು. ವರ್ಷವಿಡೀ ಹುಡುಕಿದ್ದು ಬಾಯಲ್ಲಿದೆ, ಜೇಬಿನಲ್ಲಿ ಫೋನಿದೆ. ಫೋಟೋದ ನೆನಪೇ ಹುಡುಗಿಗೆ ಬರಲಿಲ್ಲ.

ಅಷ್ಟರಲ್ಲಿ ಪರದೆ ಸರಿಯಿತು. ಕೈತೊಳೆಯಲು ಎದ್ದ ಪ್ರೊಫೆಸರರು ದಾರಿ ತಪ್ಪಿ ಅಡುಗೆಮನೆಗೇ ಬಂದು ನಿಂತಿದ್ದರು! ರೊಟ್ಟಿ ನೋಡಿದರು, ಪಲ್ಯ ನೋಡಿದರು, ಸುರಿಯುವ ಮೂಗಿನ ಶಿಷ್ಯೆಯನ್ನು ನೋಡಿದರು. ನನಗೂ ಒಂದು ತುಂಡು ಕೊಡಿಸು ಎಂದರು.

ನಾಗವ್ವ ತಾಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಏ, ಅವರಿಗೆ ಬ್ಯಾಡ ಅಂತ ಹೇಳವ್ವ! ಮಂದಿ ಮುಂದ ಮಾನ ಕಳೀಬ್ಯಾಡ."

"ನನಗೆ ಕೊಟ್ಟಿರಲ್ಲ ಅಮ್ಮಾ?"

"ನಿನ್ನ ಮುಂದ ಎಂಥಾ ಮಾನ ತಗೀ!" ಎಂದಳು ನಾಗವ್ವ.

ಆಕೆ ಏನಂದಳು ಎಂದು ಪ್ರೊಫೆಸರರು ಕೇಳಿದರು. ಐನೋ ಮೂಗೊರೆಸಿಕೊಂಡು ಅನುವಾದಿಸಿದಳು: "ನಾನು ಇನ್ನೊಂದು ವರ್ಷ ಇರಬೇಕಂತೆ."

ಅವರು ರೊಟ್ಟಿಯ ಬುಟ್ಟಿಯತ್ತ ಆಸೆಯಿಂದ ಒಮ್ಮೆ ನೋಡಿ, ಇರು ಎಂದು ತಲೆಯಾಡಿಸಿದರು.

"ಏನಂತಾರ ಗುರುಗಳು?" ಎಂದಳು ನಾಗವ್ವ.

"ಇರು ಅಂದರು."

"ಹಂಗಾರ ನಾಳಿ ಲಗೂನ ಎದ್ದ ಬಾ. ರೊಟ್ಟಿ ಬಡಿಯೂದ ಕಲಿ. ದಿನಾ ಕುಂತ ತಿನ್ನಾಕ ನೀಯೇನ ಬೀಗರಾಕಿ ಏನ?"