ಇಸಾಬೆಲಳ ಬೆಟ್ಟ

ಬೆನೆಡಿಕ್ಟಾ ಕೆಂಪು ಸಾಡೊ ಸೀರೆಯ ಮಡಿಕೆ ಬಿಡಿಸುತ್ತಿದ್ದಂತೆ ಆಲಿವ್ ಅವಳ ಕೈ ಹಿಡಿದಳು.

"ಪ್ಲೀಸ್ ಅತ್ತೆ, ಅದು ಬೇಡ. ಮಮ್ಮಿಗೆ ಆ ಬಿಳಿ ಅಂಗಿಯೇ ಹಾಕುವ."

"ಎಂತ ಹೇಳ್ತೀ ನೀನು? ಗಂಡ ಬದುಕಿರುವವಳನ್ನು ಮದುವೆ ಸೀರೆ ಉಡಿಸದೆ ಮಣ್ಣಿಗೆ ಕಳಿಸುವುದಾ?"

"ಆಸ್ಪತ್ರೆಯಲ್ಲಿ ನನ್ನ ಹತ್ರ ಮಮ್ಮಿ ಕೇಳಿದ್ದು ಅದೊಂದೇ."

ಇಬ್ಬರೂ ಬಾಗಿಲಲ್ಲಿ ನಿಂತಿದ್ದ ಆಲಿವಳ ಅಪ್ಪ ಪಾಯಸ್‌ನ ಕಡೆ ನೋಡಿದರು. ಹೆಂಡತಿ ಸ್ಪೇನಿನ ಮನೆತನದವಳೆಂದು ಅವನು ಈ ಅಕ್ಕನಿಗೂ ಕೊಲ್ಲಿ ನಾಡಿನ ಈ ಎಣ್ಣೆಯೂರು ಅಹ್ಮದಿಯ ಗೆಳೆಯರಿಗೂ ಹೇಳಿಕೊಂಡು ಬಂದು ಇಪ್ಪತ್ತು ವರ್ಷವಾಗಿತ್ತು. ಹೂಬಳ್ಳಿ ಕಸೂತಿಯ ಆ ಅಂಗಿಯನ್ನು ಇಸಾಬೆಲ್ ತೊಟ್ಟು ಹೊರಗೆ ಹೋದದ್ದೇ ಇಲ್ಲ. ಅವನೇ ಬೇಡವೆಂದಿದ್ದ.

*

ಎಣ್ಣೆ ಹಡಗಿನಲ್ಲಿ ಅಡುಗೆಯವನಾಗಿದ್ದ ಪಾಯಸ್ ಅವಳನ್ನು ಕಂಡದ್ದು ಮೆಕ್ಸಿಕೋದ ಒಂದು ಬಂದರಿನ ಖಾನಾವಳಿಯಲ್ಲಿ. ಅರವತ್ತಮೂರನೆಯ ಇಸವಿಯಲ್ಲಿ ಅಹ್ಮದಿಯಲ್ಲಿ ಕೆಲಸ ಸಿಕ್ಕಿದಾಗ ಜೊತೆಗೆ ಕರೆತಂದ. ಬಂದ ಸಂಜೆ, ದೂರದ ಎಣ್ಣೆ ಬಾವಿಗಳ ಬೆಂಕಿ ನೋಡುತ್ತ ಅವಳು ಮೂಗು ಮುಚ್ಚಿಕೊಂಡಳು.

"ಇದೇ ವಾಸನೆ. ನಮ್ಮ ಜೋಳದ ಹೊಲದಲ್ಲಿ ಎಣ್ಣೆ ಸಿಕ್ಕಿತು. ಹೊಲ ಹೋಯಿತು. ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಬೆಟ್ಟ ಹತ್ತಿದ."

"ಇಲ್ಲಿರುವುದು ಕಷ್ಟವೇ ನಿನಗೆ?"

"ಹತ್ತಿ ಹೋಗಲು ಇಲ್ಲಿ ಬೆಟ್ಟವೆಲ್ಲಿದೆ?" ಎಂದು ನಕ್ಕು ಒಳಗೆ ಹೋಗಿ ಒಲೆ ಹಚ್ಚಿದಳು.

*

"ಆ ಅಂಗಿಯನ್ನೇ ಹಾಕಿ," ಎಂದ ಪಾಯಸ್.

ಸ್ಮಶಾನದಲ್ಲಿ, ಪೆಟ್ಟಿಗೆ ಮುಚ್ಚುವ ಮುನ್ನ, ಅವನೊಡನೆ ಕೆಲಸ ಮಾಡುವ ಕಜೆಟನ್ ಮೆಲ್ಲಗೆ ಕೇಳಿದ: "ಇದು ಸ್ಪೇನಿನವರ ಉಡುಪಾ?"

"ಅಲ್ಲ. ಸ್ಪೇನಿನವರು ಮೆಕ್ಸಿಕೋಗೆ ಬರುವ ಎಷ್ಟೋ ಮೊದಲೇ ಅಲ್ಲಿದ್ದವರದು. ತೊತೊನಾಕ್ ಜನ. ಸ್ಪ್ಯಾನಿಷ್ ಅವಳು ಆಮೇಲೆ ಕಲಿತದ್ದು."

"ಇಷ್ಟು ದಿನ ಹೇಳಲೇ ಇಲ್ಲವಲ್ಲ ಮಾರಾಯ?"

"ನನಗೆ ನಾಚಿಕೆಯಿತ್ತು. ಅವಳಿಗಿರಲಿಲ್ಲ."

ಹಿಂದಿನಿಂದ ಬೆನೆಡಿಕ್ಟಾ ಕೇಳಿದಳು: "ಎಲ್ಲಿದ್ದಾರೆ ಆ ಜನ?"

ಪಾಯಸ್ ಮೊಣಕಾಲೂರಿ ಮರಳಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. "ಇದು ಸಮುದ್ರ. ಇಲ್ಲಿ ಬಯಲು, ಪಾಪಾಂತ್ಲಾ ಪೇಟೆ, ಸುತ್ತ ವೆನಿಲಾ ಬಳ್ಳಿ. ಎಣ್ಣೆ ಬಾವಿಗಳು ಇಲ್ಲಿ. ಇದೆಲ್ಲ ಬೆಟ್ಟ, ಮೇಲಿನವರೆಗೂ ಅವರ ಹಳ್ಳಿಗಳು. ಇಲ್ಲಿ..." ಬೆರಳು ಒಂದು ಕಡೆ ಊರಿ ನಿಂತಿತು. "ಇಲ್ಲಿ ಅವಳ ತಾಯಿ ಇದ್ದಾಳೆ. ಇನ್ನೂ ಗೊತ್ತಿಲ್ಲ ಆಕೆಗೆ."

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಸರಿದರು. ಕೊನೆಗೆ ಬೆನೆಡಿಕ್ಟಾ ಮಣ್ಣು ಹಾಕಲು ಹೊರಟಳು. ನೆರಿಗೆಯನ್ನು ಮೇಲೆತ್ತಿ ಹಿಡಿದು, ಮರಳಿನ ಮೇಲಿನ ಆ ಬಯಲು, ಆ ಬೆಟ್ಟ, ಆ ಹಳ್ಳಿಗಳಲ್ಲಿ ಒಂದನ್ನೂ ತುಳಿಯದಂತೆ ಸುತ್ತು ಬಳಸಿ ಗುಂಡಿಯ ಅಂಚಿಗೆ ಬಂದಳು.