ಪಂಚಮಿಗೆ ಕರೆಯಲು ಬಂದ ಡೆನ್ಮಾರ್ಕಿನ ಅಣ್ಣ

ತುಂಗಭದ್ರೆ ತುಂಬಿ ಹರಿಯುತ್ತಿದ್ದ ಒಂದು ಶ್ರಾವಣದಲ್ಲಿ ನಾನು ಇಡೀ ಸರಕಾರಿ ಬಸ್ಸೊಂದನ್ನು ನನ್ನ ಹರಗೋಲಿನಲ್ಲಿ ಹಾಕಿಕೊಂಡು ಆಚೆ ದಡ ಮುಟ್ಟಿಸಿದ್ದೇನೆ. ಒಳಗೆ ಜನ ಕಿಕ್ಕಿರಿದಿದ್ದರು, ಟಾಪಿನ ಮೇಲೆ ಕುರಿಗಳಿದ್ದವು, ನಡುನೀರಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತಿದ್ದ. ಒಂದು ಕುರಿಯ ಗೊರಸು ಕೂಡ ನೆನೆಯಲಿಲ್ಲ. ನಂಬದವರು ಆ ಬಸ್ಸನ್ನೇ ಹೋಗಿ ಕೇಳಬಹುದು. ಗಂಗಾವತಿ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಅದು ಇವತ್ತಿಗೂ ತಾನಾಗಿ ಹಾರ್ನ್ ಹೊಡೆಯುತ್ತದೆ.

ಅಂಥ ನಾನು, ಆನೆಗೊಂದಿಯ ಹರಗೋಲಿನ ದುರುಗಪ್ಪ, ಒಬ್ಬನೇ ಒಬ್ಬ ಮನುಷ್ಯನನ್ನು ಸುರಕ್ಷಿತವಾಗಿ ದಾಟಿಸಿ, ಒಣ ದಡದ ಮೇಲೆ ಮುಳುಗಿಹೋದೆ.

ಎಂಬತ್ತೊಂದನೆಯ ಇಸವಿ. ನಮ್ಮೂರಿನಲ್ಲಿ ಆಗ ಕಾರೆನ್ ಎಂಬ ಡೆನ್ಮಾರ್ಕ್ ದೇಶದ ಹುಡುಗಿ ಇದ್ದಳು. ಊರ ಹೆಂಗಸರ ಬಾಯಲ್ಲಿ ಅವಳು ಕರಿಯವ್ವ. ಅವಳ ಬಿಳುಪೆಂದರೆ, ಅಮಾವಾಸ್ಯೆಯಂದು ಅವಳು ಓಣಿಯಲ್ಲಿ ನಡೆದರೆ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಆದರೂ ಹೆಸರು ಕರಿಯವ್ವ. ಅರಸರ ಕಾಲದ ಕಾಲುವೆಯ ನೀರು ಯಾರ ಗದ್ದೆಗೆ ಮೊದಲು, ಯಾರ ಗದ್ದೆಗೆ ಆಮೇಲೆ ಹೋಗುತ್ತದೆ ಎಂದು ಕಲಿಯಲು ಅವಳ ದೇಶದ ವಿಶ್ವವಿದ್ಯಾಲಯ ಅವಳನ್ನು ಇಲ್ಲಿಗೆ ಕಳಿಸಿತ್ತು. ನನ್ನನ್ನು ಕೇಳಿದ್ದರೆ ದಡದಲ್ಲೇ ಹೇಳಿ ಕಳಿಸುತ್ತಿದ್ದೆ: ಮೊದಲು ದೊಡ್ಡ ಗಂಟಲಿನವನಿಗೆ, ಆಮೇಲೆ ಉಳಿದವರಿಗೆ.

ಅವಳಿದ್ದದ್ದು ವಿರೂಪಾಕ್ಷಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ವಿರೂಪಾಕ್ಷಮ್ಮ ಬಾಳೆತೋಟ, ಭತ್ತದ ಗದ್ದೆ ಎಲ್ಲವನ್ನೂ ಒಬ್ಬಳೇ ಆಳುವ ವಿಧವೆ. ಅವಳು ಕೆಮ್ಮಿದರೆ ಸಣಾಪುರದಲ್ಲಿ ಎತ್ತುಗಳು ನಿಲ್ಲುತ್ತಿದ್ದವು. ಒಂಟಿ ಹೆಣ್ಣಿಗೆ, ಅದೂ ಪರದೇಶದವಳಿಗೆ, ಊರಿನಲ್ಲಿ ಬೇರೆ ಯಾರೂ ಮನೆ ಕೊಡಲಿಲ್ಲ, ಇವಳು ಕೊಟ್ಟಳು. ಕೊಡುವಾಗ ಒಂದೇ ಮಾತು ಹೇಳಿದ್ದಳು: "ನೀ ನನ್ನ ಮಗಳಿದ್ದಂಗ ಇರು. ಆದ್ರ ಕಂಡ ಗಂಡಸರು ನನ್ನ ಹೊಸಲಿ ದಾಟಿದ್ರ ನಿನ್ನ ಪೆಟಗಿ ಅಂಗಳದಾಗಿರತೈತಿ."

ಇನ್ನು ನಾನು. ಹಂಪಿ ನೋಡಲು ಬರುವ ಬಿಳಿಯರನ್ನೆಲ್ಲ ದಾಟಿಸಿ ದಾಟಿಸಿ ಇಂಗ್ಲಿಷ್ ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಊರಿಗೆ ಯಾವ ಬಿಳಿ ಮುಖ ಬಂದರೂ "ದುರುಗಪ್ಪನ್ನ ಕರೀರಿ" ಎನ್ನುತ್ತಿದ್ದರು. ತಹಶೀಲ್ದಾರರು ಕೂಡ ಕಠಿಣ ಕಾಗದ ಬಂದರೆ ನನ್ನನ್ನು ನೆನೆಯುತ್ತಿದ್ದರಂತೆ, ಕರೆಯುತ್ತಿರಲಿಲ್ಲ ಅಷ್ಟೇ.

ನಾಗರ ಪಂಚಮಿ ಹತ್ತಿರ ಬಂದಿತ್ತು. ಹೊಳೆಯಾಚೆ ತಳವಾರಘಟ್ಟದ ದಡದಲ್ಲಿ ಮೆಕ್ಕೆಜೋಳದ ಕುಚ್ಚಿನಂಥ ಕೂದಲಿನ ಒಬ್ಬ ಯುವಕ ನಿಂತಿದ್ದ. ಎತ್ತರವೆಂದರೆ, ನಿಂತರೆ ಮೋಡಕ್ಕೆ ತಲೆ ತಾಗೀತೆಂದು ನಾನೇ ಭುಜ ಒತ್ತಿ ಹರಗೋಲಿನಲ್ಲಿ ಕೂರಿಸಿದೆ. ಹೆಸರು ಯೆನ್ಸ್ ಎಂದ. ಹೊಳೆ ದಾಟುವಷ್ಟು ಹೊತ್ತೂ ಅವನು ಮಾತಾಡಿದ. ಕಾರೆನ್ ಎಂದ, ಎದೆ ಮುಟ್ಟಿಕೊಂಡ, ಆನೆಗೊಂದಿಯ ಬಂಡೆಗಳನ್ನು ತೋರಿಸಿದ, ನಕ್ಕ. ನಾನು "ಯೆಸ್, ಯೆಸ್, ವೆರಿ ಗುಡ್" ಎನ್ನುತ್ತ ಹುಟ್ಟು ಹಾಕಿದೆ. ಇಬ್ಬರು ತಿಳಿದವರ ನಡುವಿನ ಸಂಭಾಷಣೆ ಅದು.

ವಿರೂಪಾಕ್ಷಮ್ಮ ಕಟ್ಟೆಯ ಮೇಲೆ ಕುಳಿತು ಹಬ್ಬದ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಕರಿಯವ್ವ ಸಣಾಪುರದ ಕಾಲುವೆಗೆ ಹೋಗಿದ್ದಳು, ಮನೆಯಲ್ಲಿರಲಿಲ್ಲ.

"ಏ ದುರುಗ್ಯಾ, ಯಾರಿಂವ? ಹೊಸಲಿ ದಾಟಬ್ಯಾಡ ಅನ್ನು ಮದ್ಲ."

ಯೆನ್ಸ್ ಕೈ ಮುಗಿದು ಅವಳಿಗೂ ಅದೇ ದೊಡ್ಡ ಮಾತನ್ನೆಲ್ಲ ಹೇಳಿದ.

"ಏನಂತಾನ?"

ಇಡೀ ಸಂಗತಿಯನ್ನು ನಾನು ಅರೆಕ್ಷಣದಲ್ಲಿ ತೂಗಿದೆ. ಹುಡುಗಿಯ ಪೆಟ್ಟಿಗೆ ಅಂಗಳಕ್ಕೆ ಬೀಳಬಾರದು. ಪರಗಂಡಸು ಹೊಸ್ತಿಲು ದಾಟಬಾರದು. ಶ್ರಾವಣದಲ್ಲಿ, ಉಂಡಿ ಕಟ್ಟುವ ದಿನಗಳಲ್ಲಿ, ಹೆಣ್ಣುಮಗಳಿರುವ ಮನೆ ಹುಡುಕಿಕೊಂಡು ಚೀಲ ಹೊತ್ತು ಬರುವ ಗಂಡಸು ನಮ್ಮ ಸೀಮೆಯಲ್ಲಿ ಒಬ್ಬನೇ.

"ಅಣ್ಣರೀ ಅವ್ವಾ. ಕರಿಯವ್ವನ ಖಾಸಾ ಅಣ್ಣ. ಪಂಚಮಿಗೆ ತಂಗೀನ್ನ ಕರಿಯಾಕ ಬಂದಾನ."

ವಿರೂಪಾಕ್ಷಮ್ಮ ಬೆಲ್ಲದ ಕೈಯಲ್ಲೇ ಎದ್ದು ನಿಂತಳು. "ಅಯ್ಯ ನನ್ನಪ್ಪಾ! ಅಷ್ಟು ದೂರದಿಂದ? ಏ ಅಮರಪ್ಪಾ, ಹೊರಗ ಬಾ ಇಲ್ಲೆ! ತಾವರಗೇರಾಕ ಹೋಗಿ ನಿಮ್ಮಕ್ಕನ್ನ ಕರಕೊಂಡು ಬಾ ಅಂದ್ರ ಬಸ್ಸು ಸಿಗವಲ್ದು ಅಂತಿಯಲ್ಲ, ನೋಡು, ಸಮುದ್ರ ದಾಟಿ ಬಂದಾನ ಅಣ್ಣ ಅನ್ನಾಂವ!"

ಅಮರಪ್ಪ, ಅವಳ ಮಗ, ಯೆನ್ಸನನ್ನು ಕೊಂದುಬಿಡುವಂತೆ ನೋಡಿ ಅಂಗಿ ತೊಟ್ಟುಕೊಂಡು ತಾವರಗೇರಾ ಬಸ್ಸಿಗೆ ಹೊರಟ. ಯೆನ್ಸನ ಎರಡೂ ಕೈಗಳಲ್ಲಿ ಉಂಡಿಗಳು ಬಂದು ಕುಳಿತವು. ಅವನು ಉಂಡಿಗಳನ್ನು ನೋಡಿದ, ನನ್ನನ್ನು ನೋಡಿದ, ತಲೆಯಾಡಿಸಿದ.

ಸಂಜೆಗೆ ಮುಂಚೆ ಬಂದ ಕರಿಯವ್ವ ಬಾಗಿಲಲ್ಲೇ ಅವನನ್ನು ಕಂಡು ಓಡಿ ಬಂದವಳು, "ಬಾ ತಂಗಿ, ನೋಡು ನಿಮ್ಮಣ್ಣ ಬಂದಾನ" ಎಂಬ ವಿರೂಪಾಕ್ಷಮ್ಮನ ಮಾತಿಗೆ ನಡುವೆಯೇ ನಿಂತುಬಿಟ್ಟಳು. ಕಣ್ಣು ಒರೆಸಿಕೊಳ್ಳುತ್ತಿದ್ದ ಮುದುಕಿಯನ್ನು ನೋಡಿದಳು. ಆಮೇಲೆ ನನ್ನನ್ನು ತೋಳು ಹಿಡಿದು ಹೊಳೆಯ ಮೆಟ್ಟಿಲಿಗೆ ಎಳೆದುಕೊಂಡು ಹೋದಳು. ಕನ್ನಡ ಅವಳು ಕಲಿತದ್ದು ನಮ್ಮ ಓಣಿಯಲ್ಲೇ.

"ಏನ ಹೇಳಿದಿ ದುರುಗಪ್ಪಣ್ಣ? ಅಣ್ಣ ಅಲ್ಲಂವ. ನನ್ನ ಲಗ್ನ ಆಗಾಂವ!"

ನನ್ನ ಕಾಲ ಕೆಳಗಿನ ಮೆಟ್ಟಿಲು ಸ್ವಲ್ಪ ಅಲುಗಿತು. ಆದರೆ ಬಸ್ಸನ್ನೇ ದಾಟಿಸಿದವನು ನಾನು. "ಗೊತ್ತೈತಿ ತಂಗಿ. ನಿನ್ನ ಸಲವಾಗೇ ಹೇಳೀನಿ. ಲಗ್ನ ಆಗಾಂವ ಅಂದಿದ್ರ ಈಗ ನಿನ್ನ ಪೆಟಗಿ ಎಲ್ಲಿರತಿತ್ತು?"

ಅವಳು ನೀರಿನ ಕಡೆ ನೋಡುತ್ತ ನಿಂತಳು. "ಭತ್ತ ಕೊಯ್ಯೂತನಕ ನಾ ಇಲ್ಲಿರಬೇಕು. ಈ ಮನಿ ಹೋದ್ರ ನನ್ನ ಓದು ಹೋತು."

"ಅದಕ್ಕ! ಪಂಚಮಿ ಮುಗಿದ ಕೂಡ್ಲೆ ಅವನ್ನ ನಾನ ದಾಟಿಸಿ ಬಿಡ್ತೀನಿ. ಅಲ್ಲೀತನಕ ಅಣ್ಣ. ಅಷ್ಟ."

ಅವಳು ಒಪ್ಪಿದಳು ಎಂದು ಹೇಳಲಾರೆ. ಬೇಡವೆನ್ನಲಿಲ್ಲ.

ಮರುದಿನ ಅವಳು ಅವನಿಗೆ ತನ್ನ ಊರು ತೋರಿಸಲು ಹೊರಟಳು. ತನ್ನ ಊರು ಎಂದೇ ಅವಳು ಹೇಳುತ್ತಿದ್ದದ್ದು. ಭಾಷಾಪಂಡಿತನೆಂದು ನಾನೂ ಜೊತೆಗೆ ಹೋದೆ. ಕಾಲುವೆಯ ತೂಬು ತೋರಿಸಿದಳು, ಯಾರ ಮಡಿಗೆ ನೀರು ಯಾವಾಗ ತಿರುಗುತ್ತದೆಂದು ಕೈಯಾಡಿಸಿ ವಿವರಿಸಿದಳು. ಅವನು ನೀರು ನೋಡುವುದನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದ. ಬಾಳೆತೋಟದಲ್ಲಿ ಕೈ ಹಿಡಿಯಲು ಬಂದ. ಅವಳು ಕೈ ಎಳೆದುಕೊಂಡಳು. ಬಂಡೆಯ ನೆರಳಲ್ಲಿ ಭುಜಕ್ಕೆ ಕೈ ಹಾಕಲು ಬಂದ. ನಾನು ನಡುವೆ ತೂರಿ, ಆ ಬಂಡೆಯನ್ನು ನಮ್ಮ ಮುತ್ತಜ್ಜ ಒಂದೇ ಕೈಯಲ್ಲಿ ತಂದಿಟ್ಟದ್ದನ್ನು ಹೇಳಿದೆ. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದರು. ಅವಳು ಏನು ಹೇಳಿದಳೋ, ಅವನು ಹಣೆ ಗಂಟಿಕ್ಕಿ ದಾರಿಯುದ್ದಕ್ಕೂ ನನ್ನನ್ನು, ದನಗಳನ್ನು, ಆಕಾಶವನ್ನು ಸರದಿಯ ಮೇಲೆ ನೋಡತೊಡಗಿದ.

ಎದುರಾದವರೆಲ್ಲ ಕೇಳುತ್ತಿದ್ದರು: "ಯಾವಾಗ ಕರಕೊಂಡು ಹೊಂಟೀಯೋ ತಂಗೀನ?" ಅವನು ಎಲ್ಲರಿಗೂ ನಕ್ಕು ತಲೆಯಾಡಿಸಿದ.

ಬಳೆಗಾರ್ತಿ ಹಜರತಬೀ ಊರ ಅಗಸೆಬಾಗಿಲ ಹತ್ತಿರ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. "ಅಣ್ಣ ಬಂದಾನಂತ, ಹಸರ ಬಳಿ ಇಡಿಸದ ಬಿಡ್ತಾನೇನ? ಬರ್ರಿ ಬರ್ರಿ." ಯೆನ್ಸನಿಗೆ ಇದೊಂದು ಮಾತ್ರ ತಟ್ಟನೆ ಅರ್ಥವಾಯಿತು. ಬಳೆ ಕೈಗೆತ್ತಿಕೊಂಡು, ಕರಿಯವ್ವನ ಬೆರಳುಗಳನ್ನು ಒಂದೊಂದಾಗಿ ಮಡಚಿ, ತಾನೇ ತೊಡಿಸಲು ಕೂತ. ಕೂತವನು ಏಳಲೇ ಇಲ್ಲ. ಕರಿಯವ್ವನ ಮುಖ ಮೆಣಸಿನಕಾಯಿಯಾಯಿತು.

ಹಜರತಬೀ ಕಣ್ಣು ಕಿರಿದು ಮಾಡಿದಳು. "ಯಾ ಅಲ್ಲಾ! ದುರುಗಪ್ಪಾ, ಅಣ್ಣಾದಾಂವ ತಂಗಿ ಕೈ ಹಿಂಗ ಹಿಡೀತಾನೇನೋ?"

"ಅವರ ದೇಶದಾಗ ಬಳಿಗಾರರಿಲ್ಲಬೇ. ಅಣ್ಣಂದಿರ ಇಡಸ್ತಾರ. ಬಳಿ ಒಡದ್ರ ಅಣ್ಣಂದಿರನ್ನ ಜೇಲಿಗೆ ಹಾಕ್ತಾರ. ಹಂಗಂತ ಹಗೂರ ಹಿಡೀತಾನ."

"ನಾನೂ ಭಾಳ ಕೈ ನೋಡೀನಿ ಬಿಡಪ್ಪಾ," ಎಂದು ಅವಳು ಬುಟ್ಟಿ ಮುಚ್ಚಿದಳು.

ಮನೆಗೆ ಬಂದಾಗ ಪಡಸಾಲೆಯಲ್ಲಿ ಕರಿಯವ್ವನ ಪೆಟ್ಟಿಗೆ ಇತ್ತು. ಅವಳ ಹಾಸಿಗೆ ಸುತ್ತಿ ಕಟ್ಟಲಾಗಿತ್ತು. ಉಂಡಿಗಳ ಗಂಟು, ಹೊಸ ಇಳಕಲ್ ಸೀರೆ, ಐದು ಕೊಬ್ಬರಿ ಬಟ್ಟಲು. ತಾವರಗೇರಾದಿಂದ ಬಂದಿಳಿದ ಮಗಳು ಗುರುಲಿಂಗಮ್ಮ ತುಂಬಿದ ಬಸುರಿ. ಹಿಂದಿನ ಕೋಣೆಯನ್ನು ಗುಡಿಸಿ ತನ್ನ ಹಾಸಿಗೆ ಹಾಸುತ್ತಿದ್ದಳು.

"ಇದೇನ ಅವ್ವಾ?" ಎಂದಳು ಕರಿಯವ್ವ.

"ಇನ್ನೇನ? ನಾಳೆ ಹಾಲು ಹಾಕಿ ಹೊಂಡು. ಪಂಚಮಿಗೆ ಕರಿಯಾಕ ಬಂದ ಅಣ್ಣನ್ನ ಬರಿಗೈಲೆ ಕಳಿಸಿದ್ರ ನನ್ನ ಮನಿಗೆ ಒಳ್ಳೇದಲ್ಲ. ಅವನ್ನೂ ಕೇಳೀನಿ, ಕೈಸನ್ನಿ ಮಾಡಿ. ಕರಕೊಂಡು ಹೋಗ್ತಿಯೇನೋ ಅಂದೆ. ಹೂಂ ಹೂಂ ಅಂತ ಎಷ್ಟು ಸರ್ತಿ ತಲಿ ಹಾಕಿದ!" ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗೂ ಬ್ಯಾಸರ ಐತಿ ತಂಗಿ. ಆದ್ರ ಕರಿಯಾಕ ಬಂದ ಮ್ಯಾಲೆ ಹಿಡಕೊಳ್ಳಾಕ ನಾ ಯಾರು?"

ಕೋಣೆ ಉಳಿಸಲು ಹುಟ್ಟಿಸಿದ ಅಣ್ಣ ಕೋಣೆಯನ್ನೇ ಖಾಲಿ ಮಾಡಿಸಿದ್ದ. ಕರಿಯವ್ವ ನನ್ನತ್ತ ತಿರುಗಿದಳು. ನನಗೆ ಹರಗೋಲಿಗೆ ಡಾಂಬರು ಹಚ್ಚುವುದು ನೆನಪಾಗಿ ಹೊರಟೆ.

ಪಂಚಮಿಯ ಬೆಳಿಗ್ಗೆ ಹುಣಸೆ ಮರದ ಬುಡದ ನಾಗರ ಕಲ್ಲಿನ ಹತ್ತಿರ ಹೆಂಗಸರ ಗುಂಪು. ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಬೆಲ್ಲ ಅದ್ದಿ, ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಎನ್ನುತ್ತ ಒಬ್ಬೊಬ್ಬರೇ ಕಲ್ಲಿಗೆ ಹಾಲೆರೆಯುತ್ತಿದ್ದರು. ವಿರೂಪಾಕ್ಷಮ್ಮ ಬಟ್ಟಲನ್ನು ಕರಿಯವ್ವನ ಕೈಗಿಟ್ಟು ಯೆನ್ಸನನ್ನು ಪಕ್ಕಕ್ಕೆ ನಿಲ್ಲಿಸಿದಳು. ಸೀರೆಯುಟ್ಟ ಕರಿಯವ್ವ ಅವ್ವನ ಪಾಲು ಎರೆದಳು. ಅಪ್ಪನ ಪಾಲು ಎರೆದಳು. ಆಮೇಲೆ ಕೈ ನಿಂತಿತು.

"ಹಾಕು ತಂಗಿ, ಅಣ್ಣನ ಪಾಲು."

"ಇವನ ಹೆಸರಲೆ ಹಾಕಾಕ ಬರಂಗಿಲ್ಲ ಅವ್ವಾ. ಇಂವ ನಮ್ಮಣ್ಣ ಅಲ್ಲ. ನನ್ನ ಲಗ್ನ ಆಗಾಂವ."

ವಿರೂಪಾಕ್ಷಮ್ಮ ಬಹಳ ಮೆಲ್ಲಗೆ ಕೇಳಿದಳು: "ನನ್ನ ಮನ್ಯಾಗ ಉಂಡು, ನನಗ ಸುಳ್ಳು ಹೇಳಿದೇನ?"

ಕರಿಯವ್ವ ನನ್ನ ಹೆಸರೆತ್ತಲಿಲ್ಲ. ನಾನು ಮರದ ಹಿಂದಿನಿಂದ ಹೊಳೆಯ ಕಡೆ ಒಂದು ಹೆಜ್ಜೆ ಇಟ್ಟಿದ್ದೆ. ಹಜರತಬೀ ಜನರ ನಡುವಿನಿಂದ ಕೂಗಿದಳು: "ಅಣ್ಣ ಅಂದಾಂವ ಅಲ್ಲೆ ಜಾರಾಕತ್ಯಾನ ನೋಡ್ರಿ!"

"ಬಾರಲೇ ಇಲ್ಲೆ," ಎಂದಳು ವಿರೂಪಾಕ್ಷಮ್ಮ. "ಹರಗೋಲದಾಗ ಇಂವ ನಿನಗ ಏನಂದಿದ್ದ? ಅಣ್ಣ ಅಂದನೋ, ಲಗ್ನ ಆಗಾಂವ ಅಂದನೋ? ನಿನಗ ಇಂಗ್ಲೀಷ್ ಬರತೈತಲ್ಲ. ಹೇಳು."

ಅಣ್ಣ ಎಂದ ಎಂದರೆ ಯೆನ್ಸ್ ಸುಳ್ಳುಗಾರ. ಲಗ್ನ ಆಗುವವ ಎಂದ ಎಂದರೆ ನಾನು ಕಳ್ಳ, ಕರಿಯವ್ವ ಪಾಲುಗಾರ್ತಿ. ಎರಡರಲ್ಲಿ ಯಾವುದನ್ನಾದರೂ ಬೆಣ್ಣೆಯಂತೆ ಹೇಳಬಲ್ಲ ನಾಲಿಗೆ ನನ್ನದು. ಆದರೆ ಆ ಹುಡುಗಿ ಬಟ್ಟಲು ಹಿಡಿದು ನೆಲ ನೋಡುತ್ತ ನಿಂತಿದ್ದಳು, ಹಾಲು ಅವಳ ಹಸಿರು ಬಳೆಗಳ ಮೇಲೆ ಇಳಿಯುತ್ತಿತ್ತು.

"ಏನಂದನೋ ನನಗ ಗೊತ್ತಿಲ್ಲವ್ವಾ."

"ಗೊತ್ತಿಲ್ಲ ಅಂದ್ರ?"

"ನನಗ ಇಂಗ್ಲೀಷ್ ತಿಳಿಯಂಗಿಲ್ಲ. ಯೆಸ್ ಅನ್ನೂದು ಬರತೈತಿ, ವೆರಿ ಗುಡ್ ಬರತೈತಿ. ನೀವು ಏನಂತಾನ ಅಂತ ಕೇಳಿದ್ರಿ. ತಿಳೀಲಿಲ್ಲ ಅನ್ನಾಕ ನಾಚಿಕಿ ಬಂತು. ಉಂಡಿ ಕಟ್ಟಾಕತ್ತಿದ್ರಿ, ಅಣ್ಣ ಅಂದುಬಿಟ್ಟೆ. ಅಕಿ ಸಲವಾಗಿ ಅಂದೆ ಅಂತ ಆಮ್ಯಾಲೆ ಅಕಿಗೆ ಹೇಳಿದ್ದೂ ಸುಳ್ಳು. ನೀವು ಹೊರಗ ಹಾಕ್ತೀರಿ ಅಂತ ಅಂಜಿಸಿದಾಂವನೂ ನಾನ. ಅಕಿದೇನೂ ತಪ್ಪಿಲ್ಲ."

ವಿರೂಪಾಕ್ಷಮ್ಮ ನನ್ನನ್ನು ಬಿಟ್ಟು ಕರಿಯವ್ವನನ್ನು ನೋಡಿದಳು. "ಲಗ್ನ ಆಗಾಂವ ಅಂದ್ರ ಇನ್ನಾ ಆಗಿಲ್ಲ, ಹೌದಲ್ಲ?"

"ಇಲ್ಲ ಅವ್ವಾ."

"ಮತ್ತ ಇವನ ಕೂಡ ನಿನ್ನ ಹೆಂಗ ಕಳಸ್ಲಿ? ಅಣ್ಣಾದ್ರ ಕರಕೊಂಡು ಹೋಗ್ತಾನ, ಅವನ ಹಕ್ಕು. ತಾಳಿ ಕಟ್ಟದಾಂವಗ ಏನ ಹಕ್ಕೈತಿ? ಗುರುಲಿಂಗೀ, ಗಂಟು ಬಿಚ್ಚು. ಈಕಿ ನನ್ನ ಕೂಡ ಪಡಸಾಲ್ಯಾಗ ಮಲಗ್ತಾಳ, ಭತ್ತ ಕೊಯ್ಯೂತನಕ. ಇಂವ ದುರುಗ್ಯಾನ ಗುಡಿಸಲದಾಗ ಬಿದ್ದಿರ್ಲಿ."

ಕರಿಯವ್ವ ಅಳುತ್ತ ನಗುತ್ತ ಅದನ್ನೆಲ್ಲ ಯೆನ್ಸನಿಗೆ ಅವರ ಭಾಷೆಯಲ್ಲಿ ಹೇಳತೊಡಗಿದಳು. ಅವನು ಕಲ್ಲನ್ನು, ಹಾಲನ್ನು, ಗುರುಲಿಂಗಮ್ಮನ ಹೊಟ್ಟೆಯನ್ನು, ಕೊನೆಗೆ ನನ್ನನ್ನು ನೋಡಿದ. ಏನೂ ತಿಳಿದಂತೆ ಕಾಣಲಿಲ್ಲ. ತಲೆಯಾಡಿಸಿದ.

ನಾನು ಮೆಲ್ಲಗೆ ಹೊರಳಿದೆ.

"ಎಲ್ಲಿಗೆ ಹೊಂಟಿ?" ಎಂದಳು ವಿರೂಪಾಕ್ಷಮ್ಮ. "ಹಿಂದ ನಿಂತ ಹೆಣಮಕ್ಕಳಿಗೆ ನಿನ್ನ ಮಾತು ಕೇಳಿಸಿಲ್ಲ. ಇನ್ನೊಮ್ಮೆ ಹೇಳು. ಗಂಟಲ ಬಿಚ್ಚಿ ಹೇಳು."

ಹೆಂಗಸರೆಲ್ಲ ಬಟ್ಟಲು ಹಿಡಿದುಕೊಂಡೇ ಕಾದರು.

"ನನಗ ಇಂಗ್ಲೀಷ್ ಬರಂಗಿಲ್ರೀ," ಎಂದೆ.