ಸಾವಂತ್ರವ್ವ ಬ್ಯಾಡ ಅಂದ ದಿನ

ಚೀಲಕ್ಕೆ ಹೊದಿಕೆ ತುರುಕಿ, ಆಸ್ಪತ್ರೆಯ ಫೈಲು ಮೇಲಿಟ್ಟು ಸುಮಂಗಲಾ ಚೈನು ಎಳೆಯುತ್ತಿದ್ದಳು. ಅರ್ಧಕ್ಕೆ ಸಿಕ್ಕಿಕೊಂಡಿತು.

“ಬಿಚ್ಚ ಅದನ್ನ. ನಾ ಬರೂದಿಲ್ಲ,” ಎಂದಳು ಅತ್ತೆ ಸಾವಂತ್ರವ್ವ.

“ನಾಳಿ ಹೋಗೂಣೇನ್ರಿ?”

“ಇನ್ನ ಹೋಗೂದ ಇಲ್ಲ.”

ಇಂಡಿಯಿಂದ ವಿಜಯಪುರಕ್ಕೆ ವಾರಕ್ಕೆ ಮೂರು ಸಲ, ನಾಲ್ಕು ವರ್ಷ. ಡಯಾಲಿಸಿಸ್ ಯಂತ್ರ ನಾಲ್ಕು ತಾಸು ರಕ್ತ ತೊಳೆಯುತ್ತಿತ್ತು. ಮರುದಿನವೆಲ್ಲ ಮುದುಕಿ ಹಿಂಡಿದ ಬಟ್ಟೆಯಂತೆ ಬಿದ್ದಿರುತ್ತಿದ್ದಳು. ಅದನ್ನು ಬಿಟ್ಟರೆ ಉಳಿಯುವುದು ಎಂಟೋ ಹತ್ತೋ ದಿನ. ಪ್ರತಿ ವರ್ಷ ಮಕ್ಕಳಿಂದ ಮೂತ್ರಪಿಂಡದ ಚಿತ್ರ ಬರೆಸುವ ಹೈಸ್ಕೂಲು ಮಾಸ್ತರಿಣಿ ಸುಮಂಗಲಾಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಗಂಡ ಇಸಾಕ ಚರ್ಚಿಗೆ ಹೋಗಿ ಫಾದರನ್ನೇ ಕರೆತಂದ. “ನೀವ ಹೇಳ್ರಿ ಫಾದರ್, ಇದು ಆತ್ಮಹತ್ಯಾ ಅಲ್ಲೇನ್ರಿ?”

ಫಾದರ್ ಮುದುಕಿಯತ್ತ ತಿರುಗಿದರು. “ಸಾಯಬೇಕಂತ ಅನಸೈತೇನವ್ವಾ?”

“ಇಲ್ರಿ. ಬದುಕು ಸಾಕಾಗಿಲ್ಲ, ಸೂಜಿ ಸಾಕಾಗೇತಿ. ನಾಕ ವರ್ಷ ಬಸ್ಸಿನ್ಯಾಗ ಕುಂತೇನಿ. ಇಷ್ಟರಾಗ ರೋಮಿಗೆ ನಡಕೋತ ಹೋಗಿ ಬರ್ತಿದ್ದೆ.”

ಫಾದರ್ ನಕ್ಕುಬಿಟ್ಟರು. “ಕೊಲ್ಲೂದು ಪಾಪ, ಇಸಾಕ. ಹೊರಲಾರದ ಚಿಕಿತ್ಸಿ ಬ್ಯಾಡ ಅನ್ನೂದು ಪಾಪ ಅಲ್ಲ. ಭಾರ ಎಷ್ಟಂತ ಹೊತ್ತವರ ಹೇಳಬೇಕು.”

ಮುದುಕಿಯ ಹಣೆಗೆ ಎಣ್ಣೆ ಹಚ್ಚಿ, ಪ್ರಾರ್ಥಿಸಿ, ಚಹಾ ಕುಡಿದು ಹೋದರು.

ಸುಮಂಗಲಾ ಅತ್ತೆಯನ್ನೇ ನೋಡಿದಳು. ನಾಲ್ಕನೆಯ ಇಯತ್ತೆ ಓದಿದ ಹೆಂಗಸು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನಾಲ್ಕು ವರ್ಷ ಮುಟ್ಟಗೊಡದ ಲಿಂಬೆ ಉಪ್ಪಿನಕಾಯಿ ಕೇಳಿ ಪಡೆದು, ರೊಟ್ಟಿಯ ಜೊತೆ ಕಣ್ಣು ಮುಚ್ಚಿ ಚಪ್ಪರಿಸಿದಳು. ಎಷ್ಟು ಸಲೀಸಾಗಿ ಬೇಡವೆಂದಿದ್ದಳು.

ತಾನು ಬೇಡವೆಂದದ್ದು ಯಾವುದಕ್ಕೆ? ಮನೆಯವರು ಎಮ್ಮೆಸ್ಸಿ ಬಿಡು ಎಂದಾಗ ಬಿಟ್ಟಿದ್ದಳು. ಸಿಂದಗಿಯ ನೌಕರಿ ಬೇಡವೆಂದಾಗ ಅದನ್ನೂ. ಬಹಳ ಯೋಚಿಸಿದಾಗ ನೆನಪಾದದ್ದು ಎರಡನೆಯ ಕಪ್ ಚಹಾ ಮಾತ್ರ.

ಇಸಾಕ ಅಡುಗೆಮನೆಗೆ ಬಂದು ದನಿ ತಗ್ಗಿಸಿದ. “ಇರ್ಲಿ ಬಿಡು. ನಾಕ ದಿನದಾಗ ಎಚ್ಚರ ತಪ್ಪತೈತಿ. ಆಗ ಒಯ್ಯೂಣು. ಬ್ಯಾಡ ಅನ್ನಾಕ ಆಗ ಬಾಯಿ ಇರೂದಿಲ್ಲ. ನಾ ಕೆಲಸದ ಮ್ಯಾಲಿದ್ರ ನೀನ ಆಂಬುಲೆನ್ಸಿಗೆ ಫೋನ್ ಹಚ್ಚು.”

ಅವನ ಕಣ್ಣು ಕೆಂಪಗಿದ್ದವು. ಎಷ್ಟೆಂದರೂ ಅವನ ತಾಯಿ.

“ಹೂಂ,” ಎಂದಳು. ಬಾಯಿಗೆ ಅದೇ ರೂಢಿ.

ಮಧ್ಯಾಹ್ನ ಅತ್ತೆಗೆ ನಿದ್ದೆ ಹತ್ತಿತು. ಮಂಚದಿಂದ ಜಾರಿದ ಅವಳ ಎಡಗೈಯನ್ನು ಎತ್ತಿ ಎದೆಯ ಮೇಲಿಡುವಾಗ ಸುಮಂಗಲಾಗೆ ತಿಳಿಯಿತು, ತಾನು ಫೋನ್ ಹಚ್ಚುವುದಿಲ್ಲ. ಇದನ್ನು ಇಸಾಕನಿಗೆ ಹೇಳುವುದಿಲ್ಲ, ಫಾದರಿಗೂ, ಅತ್ತೆಗೂ.

ಯಂತ್ರದ ಸೂಜಿಗೆಂದು ಡಾಕ್ಟರರು ಹೊಲಿದು ಉಬ್ಬಿಸಿದ ನರ ಅತ್ತೆಯ ಮುಂಗೈಯಲ್ಲಿ, ಸುಮಂಗಲಾಳ ಬೆರಳಿನಡಿ ಗುಂಯ್‌ಗುಡುತ್ತಿತ್ತು. ಒಡತಿ ಬೇಡವೆಂದದ್ದು ಇನ್ನೂ ಕಿವಿಗೆ ಬೀಳದ ಆಳಿನಂತೆ, ಮುಂದಿನ ಚುಚ್ಚಿಗೆ ತಯಾರಾಗಿ.